ಕೆಡವುವ ಮುನ್ನ ಶೀಟ್ ಇಳಿಸಿ

ಬೆಂಗಳೂರಿನ ಜೆ.ಪಿ. ನಗರದಲ್ಲಿ ಈಗ ಯಾವ ಕ್ರಾಸಿಗೆ ಹೋದರೂ ಒಂದಾದರೂ ಹಳೇ ಮನೆ ನೆಲಕ್ಕುರುಳುತ್ತಿರುತ್ತದೆ. ಎಂಬತ್ತರ ದಶಕದಲ್ಲಿ ಬಿಡಿಎ ಸೈಟಿನಲ್ಲಿ ಕಟ್ಟಿಸಿದ ಮನೆ. ಮುಂದೆ ತೆಂಗಿನಮರ, ಪಕ್ಕದಲ್ಲಿ ಕಾರ್ ಶೆಡ್, ತಾರಸಿಯ ಮೇಲೆ ಬಟ್ಟೆ ಒಣಹಾಕಲು ಒಂದು ಮಾಡು, ಹಿತ್ತಲಲ್ಲಿ ಬಾಡಿಗೆಗೆ ಕೊಟ್ಟ ಶೀಟ್ ಮನೆ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ, ಜೆಸಿಬಿ ಬರುತ್ತದೆ. ಧೂಳಿಗೆ ಅಕ್ಕಪಕ್ಕದವರು ಗೊಣಗುತ್ತಾರೆ, ಹಸಿರು ಪರದೆ ಕಟ್ಟಿಸಿ ಎನ್ನುತ್ತಾರೆ. ಆ ಧೂಳಿನಲ್ಲಿ ಏನೇನಿದೆ ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ಕಾರ್ ಶೆಡ್ಡಿನ ಮೇಲಿರುವ ಆ ಬೂದುಬಣ್ಣದ ಸಿಮೆಂಟ್ ಶೀಟಿನಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಬಿಳಿ ಆಸ್ಬೆಸ್ಟಾಸ್ ಇರುತ್ತದೆ. ಹಾಳೆ ಗಟ್ಟಿಯಾಗಿರುವಷ್ಟು ದಿನ ಅದರ ನಾರು ಸಿಮೆಂಟಿನ ಹಿಡಿತದಲ್ಲಿರುತ್ತದೆ. ಒಡೆದಾಗ, ಕಟಿಂಗ್ ಮಷೀನಿನಲ್ಲಿ ಕೊಯ್ದಾಗ, ಡ್ರಿಲ್ ಹಾಕಿದಾಗ ಕಣ್ಣಿಗೆ ಕಾಣದ ಎಳೆಗಳಾಗಿ ಗಾಳಿಗೆ ಸೇರುತ್ತದೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕೂಡ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದೆ. ಬಿಳಿಯದಕ್ಕೆ ವಿನಾಯಿತಿ ಕೊಟ್ಟಿಲ್ಲ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ತಲೆಯೆತ್ತಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಬೇಕು. ಇವತ್ತು ಜೆ.ಪಿ. ನಗರದಲ್ಲಿ ಶೀಟ್ ಒಡೆಯುತ್ತಿರುವ ಯಾದಗಿರಿಯ ಹುಡುಗ ಅಷ್ಟು ಹೊತ್ತಿಗೆ ಎಲ್ಲಿರುತ್ತಾನೋ! ಕಾಯಿಲೆಗೂ ಆ ಕೆಲಸಕ್ಕೂ ನಂಟು ಹಾಕಲು ಯಾವ ದಾಖಲೆಯೂ ಉಳಿದಿರುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವುದು ಒಂದೇ ಜಗಳ: ನಿಷೇಧಿಸಬೇಕೇ, ಬೇಡವೇ. ದೇಶದ ಆಸ್ಬೆಸ್ಟಾಸ್ ನಿಕ್ಷೇಪದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರ್ನಾಟಕದಲ್ಲೇ ಇದೆ. ಹೊಳೆನರಸೀಪುರದ ಕಡೆ ಹಿಂದೆ ಅಗೆದು ತೆಗೆದದ್ದೂ ಉಂಟು. ಗಣಿ ಕೆಲಸ ಅಪಾಯಕಾರಿ ಎಂದು 1986ರಲ್ಲಿ ಹೊಸ ಗುತ್ತಿಗೆ ನಿಲ್ಲಿಸಿದ ಸರ್ಕಾರವೇ ರಷ್ಯಾ, ಕಜಕಿಸ್ತಾನಗಳಿಂದ ವರ್ಷಕ್ಕೆ ಲಕ್ಷಗಟ್ಟಲೆ ಟನ್ ತರಿಸಿಕೊಳ್ಳಲು ಬಿಟ್ಟಿದೆ. ಹಾಸನದ ನೆಲದಿಂದ ಬಂದರೆ ವಿಷ, ಹಡಗಿನಲ್ಲಿ ಬಂದರೆ ಕಚ್ಚಾ ಮಾಲು! ಸುಪ್ರೀಂ ಕೋರ್ಟ್ 1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ನಲವತ್ತು ವರ್ಷ ಕಾಪಾಡಬೇಕು ಎಂದಿತು. 2011ರಲ್ಲಿ ನಿಷೇಧಕ್ಕೆ ಮಾತ್ರ ಒಪ್ಪಲಿಲ್ಲ. ನಮಗೆ ದಶಕಗಳ ಕಾಲ ಈ ಸರಕು ಮಾರಿದ ಕೆನಡಾ 2018ರಲ್ಲಿ ತನ್ನ ಮನೆಯೊಳಗೆ ಅದನ್ನು ನಿಷೇಧಿಸಿತು. ಬ್ರೆಜಿಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲೇ ನಿಷೇಧಿಸಿತ್ತು.

ನಾನು ನಿಷೇಧದ ಪರ. ಆದರೆ ನಾಳೆ ಬೆಳಿಗ್ಗೆಯೇ ನಿಷೇಧ ಬಂದರೂ ಈಗಾಗಲೇ ನಮ್ಮ ತಲೆ ಮೇಲಿರುವ ಶೀಟುಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಬ್ರಿಟನ್ 1999ರಲ್ಲಿ ನಿಷೇಧಿಸಿತು; ಅಲ್ಲಿನ ಹಳೆಯ ಶಾಲೆ, ಆಸ್ಪತ್ರೆಗಳಲ್ಲಿ ಇಂದಿಗೂ ಆಸ್ಬೆಸ್ಟಾಸ್ ಇದೆ. ವ್ಯತ್ಯಾಸವೆಂದರೆ ಎಲ್ಲಿದೆ ಎಂದು ಪಟ್ಟಿ ಇಡುವುದು ವಾಸದ ಮನೆಗಳನ್ನು ಬಿಟ್ಟು ಉಳಿದ ಕಟ್ಟಡಗಳನ್ನು ನೋಡಿಕೊಳ್ಳುವವರ ಕಾನೂನುಬದ್ಧ ಕರ್ತವ್ಯ, ಕೆಡವುವ ಮೊದಲು ತಪಾಸಣೆ ಕಡ್ಡಾಯ. ನಮ್ಮಲ್ಲಿ ನಿಷೇಧದ ಜಗಳ ಎಷ್ಟು ಜೋರಾಗಿದೆಯೆಂದರೆ, ಇಳಿಸುವುದು ಹೇಗೆ ಎಂಬ ಸಣ್ಣ ಪ್ರಶ್ನೆಗೆ ಯಾರಿಗೂ ಪುರುಸೊತ್ತಿಲ್ಲ.

ಶೀಟ್ ಕಂಪನಿಗಳವರ ವಾದದಲ್ಲಿ ಅರ್ಧ ಸತ್ಯವಿದೆ. ನಾರು ಸಿಮೆಂಟಿನಲ್ಲಿ ಸಿಕ್ಕಿಬಿದ್ದಿದೆ, ಮುಟ್ಟದಿದ್ದರೆ ತೊಂದರೆಯಿಲ್ಲ, ಬಡವನಿಗೆ ಇಷ್ಟು ಅಗ್ಗದ ಸೂರು ಬೇರೆ ಇಲ್ಲ ಎನ್ನುತ್ತಾರೆ. ಮುಟ್ಟದಿದ್ದರೆ ತಾನೆ? ತೆಂಗಿನ ಗರಿ ಬಿದ್ದು ಶೀಟ್ ಒಡೆಯುತ್ತದೆ, ಡಿಶ್ ಕೂರಿಸುವವನು ತೂತು ಕೊರೆಯುತ್ತಾನೆ, ಕೊನೆಗೆ ಜೆಸಿಬಿ ಪುಡಿ ಮಾಡುತ್ತದೆ. ಮೂವತ್ತು ವರ್ಷಕ್ಕೊಮ್ಮೆ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುವ ಬೆಂಗಳೂರಿಗೆ ಬಂದು ಇದನ್ನು ಯಾರೂ ಮುಟ್ಟುವುದಿಲ್ಲ ಎಂದರೆ ನಂಬುವುದು ಹೇಗೆ? ಇನ್ನು ಬಡವನ ಸೂರಿನ ಮಾತು. ಅದನ್ನು ಹಾಕುವವನೂ ಒಡೆಯುವವನೂ ಅದರಡಿ ಮಲಗುವವನೂ ಅವನೇ, ಕೆಮ್ಮುವವನೂ ಅವನೇ.

ಕಾನೂನಿನ ಕಥೆ ಇನ್ನೂ ವಿಚಿತ್ರ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಆಸ್ಬೆಸ್ಟಾಸ್ ಹೆಸರಿದೆ, ಆದರೆ ಅದು ಬರುವುದು ಆಸ್ಬೆಸ್ಟಾಸ್ ಮತ್ತು ಅದರ ಸರಕು ತಯಾರಿಸುವ ಕಾರ್ಖಾನೆಗಳ ಸಾಲಿನಲ್ಲಿ. ಕಾರ್ಖಾನೆಯಲ್ಲಿ ಒಡೆದರೆ ಅಪಾಯಕಾರಿ ತ್ಯಾಜ್ಯ, ಜೆ.ಪಿ. ನಗರದಲ್ಲಿ ಒಡೆದರೆ ಬರೀ ಡೆಬ್ರಿ. ಅದೇ ವರ್ಷದ ಕಟ್ಟಡ ತ್ಯಾಜ್ಯ ನಿಯಮ ಕಾಂಕ್ರೀಟ್, ಮಣ್ಣು, ಉಕ್ಕು, ಮರ, ಪ್ಲಾಸ್ಟಿಕ್, ಇಟ್ಟಿಗೆ, ಗಾರೆ ಬೇರ್ಪಡಿಸಿ ಎಂದಿತು. ಆ ಸಾಲಿನಲ್ಲಿ ಶೀಟಿನ ಹೆಸರಿಲ್ಲ. ಅದೂ ದಿನಕ್ಕೆ 20 ಟನ್ ಇಲ್ಲವೇ ತಿಂಗಳಿಗೆ 300 ಟನ್ ದಾಟುವವರಿಗೆ ಮಾತ್ರ. 2026ರ ಏಪ್ರಿಲ್ 1ರಿಂದ ಜಾರಿ ಎಂದು ಹೊರಡಿಸಿದ ಹೊಸ ನಿಯಮಗಳು ತಮ್ಮ ಮುಖ್ಯ ಹೊಣೆಯನ್ನು ಹೊರಿಸಿರುವುದು 20,000 ಚದರ ಮೀಟರಿಗಿಂತ ದೊಡ್ಡ ಯೋಜನೆಗಳ ಮೇಲೆ. ಮೂವತ್ತು–ನಲವತ್ತರ ಸೈಟಿನ ಮನೆ ಯಾವ ಬಲೆಗೂ ಬೀಳುವುದಿಲ್ಲ. ಅಂಥ ಮನೆಗಳಿಂದಲೇ ಅಲ್ಲವೇ ಈ ಬಡಾವಣೆ ಆಗಿರುವುದು?

ಹೀಗಾಗಿ ಏನಾಗುತ್ತಿದೆ? ಮನೆ ಒಡೆಯುವ ಕಂಟ್ರಾಕ್ಟರ್ ಕಿಟಕಿ, ಬಾಗಿಲು, ಕಬ್ಬಿಣ ಗುಜರಿಗೆ ಹಾಕುತ್ತಾನೆ. ಒಡೆಯದೆ ಉಳಿದ ಶೀಟ್ ಊರಾಚೆ ಯಾವುದೋ ಶೆಡ್ಡಿಗೆ ಮಾರಾಟವಾಗುತ್ತದೆ. ಒಡೆದದ್ದು ಟ್ರ್ಯಾಕ್ಟರ್ ಏರಿ ರಾತ್ರೋರಾತ್ರಿ ರಾಜಕಾಲುವೆಯ ಅಂಚಿಗೋ ಖಾಲಿ ಸೈಟಿಗೋ ಬೀಳುತ್ತದೆ. ಅಕಸ್ಮಾತ್ ನಿಯಮ ಪಾಲಿಸಿ ಚಿಕ್ಕಜಾಲದ ಮರುಬಳಕೆ ಘಟಕಕ್ಕೆ ಕಳಿಸಿದರೋ, ಕಲಬೆರಕೆಯಾಗಿ ಹೋದ ಶೀಟ್ ಅಲ್ಲಿ ಕ್ರಷರಿಗೆ ಸಿಕ್ಕು ಹಿಟ್ಟಾಗುತ್ತದೆ. ಸರಿಯಾದ ದಾರಿ ಹಿಡಿದವನ ಶೀಟೂ ಕೊನೆಗೆ ಧೂಳೇ.

ಇದಕ್ಕೆ ಸಂಸತ್ತಿನ ಕಾಯ್ದೆ ಬೇಕಿಲ್ಲ. ನಕ್ಷೆ ಮಂಜೂರು ಮಾಡುವ ಪಾಲಿಕೆ ಒಂದು ಷರತ್ತು ಸೇರಿಸಿದರೆ ಸಾಕು: ಹಳೇ ಕಟ್ಟಡದಲ್ಲಿ ಆಸ್ಬೆಸ್ಟಾಸ್ ಶೀಟ್, ಪೈಪ್ ಇದ್ದರೆ ಜೆಸಿಬಿ ಬರುವ ಮೊದಲೇ ಅದನ್ನು ಇಳಿಸಿ, ಒಪ್ಪಿಸಿದ ರಸೀದಿ ತೋರಿಸಬೇಕು. ಯಾರಿಗೆ ಒಪ್ಪಿಸುವುದು? ದಾಬಸ್‌ಪೇಟೆಯ ಬಳಿ ಅಪಾಯಕಾರಿ ತ್ಯಾಜ್ಯ ಹೂಳುವ ಘಟಕವಿದೆ. ಆದರೆ ನಾಲ್ಕು ಶೀಟ್ ಹಿಡಿದುಕೊಂಡು ಮನೆ ಮಾಲೀಕ ಅಲ್ಲಿಗೆ ಹೋಗಲಾರ. ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಸೇರಿ ದಕ್ಷಿಣ ಬೆಂಗಳೂರಿಗೆ ಒಂದು ಸಂಗ್ರಹ ಕೇಂದ್ರ ತೆರೆಯಬೇಕು, ಅಲ್ಲಿಂದ ಸಾಗಿಸುವ ಖರ್ಚನ್ನು ನಕ್ಷೆಯ ಶುಲ್ಕದಲ್ಲೇ ವಸೂಲು ಮಾಡಬೇಕು. ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟ್ ಏಳುವ ಜಾಗದಲ್ಲಿ ಈ ಖರ್ಚು ಯಾರಿಗೂ ಭಾರವಲ್ಲ.

ಇದನ್ನು ಓದಿ ಗಾಬರಿಯಾಗಿ ಇಂದೇ ಶೀಟ್ ಕಿತ್ತುಹಾಕಲು ಹೊರಡಬೇಡಿ. ಬಿರುಕಿಲ್ಲದ ಶೀಟ್ ಇದ್ದಲ್ಲೇ ಇರಲಿ. ಅದನ್ನು ಉಜ್ಜಬೇಡಿ, ಕೊರೆಯಬೇಡಿ. ಇಳಿಸಲೇಬೇಕಾದ ದಿನ ಸೋಪಿನ ನೀರು ಸಿಂಪಡಿಸಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಕೆಳಗಿಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿಸಿ. ಚೂರುಗಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿಸಿ. ಕೆಲಸದವರಿಗೆ ಕರ್ಚೀಫು ಸಾಲದು, ಎನ್95 ಕೂಡ ಸಾಲದು; ಎಫ್‌ಎಫ್‌ಪಿ3 ಇಲ್ಲವೇ ಪಿ100 ದರ್ಜೆಯ ಮಾಸ್ಕ್ ಕೊಡಿಸಿ.

ಮನೆ ಕೆಡವಲು ಕಂಟ್ರಾಕ್ಟರ್ ಜೊತೆ ಮಾತಿಗೆ ಕೂತಾಗ ಇಷ್ಟನ್ನೂ ಒಪ್ಪಂದದಲ್ಲಿ ಬರೆಸಿ, ಅದಕ್ಕೆ ತಗಲುವ ಹಣವನ್ನು ನೀವೇ ಕೊಡಿ. ನಿಮ್ಮ ವಾರ್ಡಿನ ಇಂಜಿನಿಯರಿಗೆ ಒಂದು ಪತ್ರವನ್ನೂ ಬರೆಯಿರಿ: ಈ ಶೀಟುಗಳನ್ನು ಎಲ್ಲಿಗೆ ತಂದೊಪ್ಪಿಸಬೇಕು, ವಿಳಾಸ ತಿಳಿಸಿ ಎಂದು.