ವಿಶ್ವಾಸದ ಬೆಲೆ ತೆರುವವರು ಯಾರು?

ನಮ್ಮ ಕರಾವಳಿಯಲ್ಲಿ ಮನೆ ಕಟ್ಟಲು ತೊಡಗಿದವರು ಅನೇಕರು. ತೊಡಗಿ ಅರ್ಧಕ್ಕೆ ಬಿಟ್ಟವರೂ ಕಡಿಮೆಯಲ್ಲ. ಚಿರೆಕಲ್ಲಿನ ಗೋಡೆ ಕಿಟಕಿಯ ಮಟ್ಟಕ್ಕೆ ಏರಿ, ಎರಡು ಮೂರು ಮಳೆಗಾಲ ಕಂಡು, ಪಾಚಿಗಟ್ಟಿ ನಿಂತ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ವೆಚ್ಚದ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಎಚ್ಚರಿಸಿದ್ದನ್ನು ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಓದುವಾಗ, ನಮ್ಮ ಕಣ್ಣ ಮುಂದೆ ಬರುವುದು ಇಂತಹ ಮನೆಗಳೇ. ತಮ್ಮನ್ನು ಹಿಂಬಾಲಿಸುವವರಿಂದ ಯೇಸುಸ್ವಾಮಿ ಬೆಲೆಯನ್ನು ಮರೆಮಾಚಲಿಲ್ಲ. ಜನರು ಗುಂಪುಗುಂಪಾಗಿ ಹಿಂದೆ ಬರುತ್ತಿದ್ದಾಗಲೇ ಅದನ್ನು ಹೇಳಿದರು.

ನಾವಾದರೋ ಅದನ್ನು ಹೇಳಲು ಹಿಂಜರಿಯುತ್ತೇವೆ. ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ, ವಿವಾಹಗಳ ಸಂಭ್ರಮಕ್ಕೆ ತಗಲುವ ಖರ್ಚನ್ನು ತಿಂಗಳುಗಟ್ಟಲೆ ಮುಂಚಿತವಾಗಿ ಲೆಕ್ಕ ಹಾಕುವ ನಾವು, ಆ ಸಂಸ್ಕಾರಗಳು ಜೀವಮಾನವಿಡೀ ಕೇಳುವ ಬೆಲೆಯನ್ನು ಕುರಿತು ಮಕ್ಕಳೊಡನೆ ಒಂದು ಮಾತನ್ನೂ ಆಡುವುದಿಲ್ಲ.

ಈ ಬೆಲೆಯನ್ನು ತೆತ್ತವರು ದೂರದ ರೋಮಾಪುರಿಯಲ್ಲಿ ಮಾತ್ರ ಇದ್ದರೆಂದು ಭಾವಿಸಬೇಕಾಗಿಲ್ಲ. 1670ರ ದಶಕದಲ್ಲಿ ಕೆಳದಿಯ ನಾಯಕರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಂತೆ ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳಗಳಲ್ಲಿ ದೇವಾಲಯ ಕಟ್ಟಲು ಅನುಮತಿ ದೊರೆಯಿತು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ದಿನಗಳಲ್ಲೇ, 1681ರಲ್ಲಿ, ಗೋವೆಯಿಂದ ಒಬ್ಬ ತರುಣ ಗುರು ಈ ಸೀಮೆಗೆ ಬಂದರು. ಬಾಣಾವಲಿಯಲ್ಲಿ 1651ರಲ್ಲಿ ಜನಿಸಿದ ಅವರೇ ಇಂದಿನ ಸಂತ ಜೋಸೆಫ್ ವಾಜ್. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಅವರು ಚಿಕ್ಕ ಶಾಲೆಗಳನ್ನು ತೆರೆದರು. ಚದುರಿಹೋಗಿದ್ದ ಭಕ್ತರನ್ನು ಕೂಡಿಸಿದರು.

ಇಲ್ಲಿ ಅವರು ತೆತ್ತ ಮೊದಲ ಬೆಲೆ ಪರಕೀಯರಿಂದ ಬಂದದ್ದಲ್ಲ. ರೋಮ್ ನೇಮಿಸಿದ್ದ ಬಿಷಪ್ ತೋಮಸ್ ದ ಕಾಸ್ತ್ರೊ ಅವರ ಅಧಿಕಾರವನ್ನು ಗೋವೆಯ ಧರ್ಮಾಧಿಕಾರಿಗಳು ಒಪ್ಪಿರಲಿಲ್ಲ. ಯಾರ ಮಾತು ಸಿಂಧು, ಯಾರು ನೀಡಿದ ಸಂಸ್ಕಾರ ಸಿಂಧು ಎಂದರಿಯದೆ ಸಾಮಾನ್ಯ ಭಕ್ತರು ತೊಳಲುತ್ತಿದ್ದರು. ಗೋವೆಯ ಪ್ರತಿನಿಧಿಯಾಗಿ ಬಂದಿದ್ದ ವಾಜರು ಈ ಜಗಳದ ನಡುವೆ ನಿಂತು, ಗೆಲ್ಲುವುದಕ್ಕಿಂತ ಸಮಾಧಾನಪಡಿಸುವುದೇ ತಮ್ಮ ಕೆಲಸವೆಂದು ಬಗೆದರು. ಧರ್ಮಸಭೆಯ ಒಳಗಿನಿಂದಲೇ ಬರುವ ನೋವನ್ನು ಸಹಿಸುವುದು ಹೊರಗಿನ ಹಿಂಸೆಯನ್ನು ಸಹಿಸುವುದಕ್ಕಿಂತ ಕಷ್ಟವೆಂಬುದನ್ನು ಧರ್ಮಕೇಂದ್ರದ ಕೆಲಸದಲ್ಲಿ ಕೈಸುಟ್ಟುಕೊಂಡ ಅನೇಕರು ಬಲ್ಲರು.

ಮುಂದೆ 1687ರಲ್ಲಿ ಅವರು ಜುವಾಂವ್ ಎಂಬ ಸೇವಕನೊಡನೆ ಸಿಂಹಳದ ಜಾಫ್ನಾದಲ್ಲಿ ಇಳಿದರು. ಡಚ್ಚರು ಕಥೋಲಿಕ ಗುರುಗಳನ್ನು ಅಲ್ಲಿ ನಿಷೇಧಿಸಿದ್ದರಿಂದ ಕೂಲಿಯಾಳಿನ ವೇಷ ಧರಿಸಬೇಕಾಯಿತು. ಆಮಶಂಕೆಗೆ ತುತ್ತಾಗಿ ಸಾವಿನ ಅಂಚಿಗೆ ಹೋದರು. 1692ರಲ್ಲಿ ಕ್ಯಾಂಡಿಯನ್ನು ತಲುಪಿದಾಗ ಪೋರ್ಚುಗೀಸರ ಗೂಢಚಾರರೆಂಬ ಆಪಾದನೆ ಹೊತ್ತು ಸೆರೆಮನೆ ಸೇರಿದರು. 1697ರಲ್ಲಿ ಸಿಡುಬು ಹಬ್ಬಿದಾಗ, ಬಂಧುಗಳೇ ತೊರೆದು ಹೋದ ರೋಗಿಗಳನ್ನು ಕೈಯಾರೆ ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಮುಚ್ಚಿದರು, ಹುಟ್ಟೂರಿಗೆ ಮರಳಲಿಲ್ಲ. 1995ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೋದಲ್ಲಿ ಘೋಷಿಸಿದರು. ಧರ್ಮಸಭೆಯ ಈ ಗೌರವ ಅವರು ತೀರಿಕೊಂಡ ಮೂರು ಶತಮಾನಗಳ ಬಳಿಕ ಬಂದಿತು. ಬದುಕಿದ್ದಾಗ ಅವರಿಗೆ ದೊರೆತದ್ದು ಸಂಶಯ, ಕಾಯಿಲೆ, ಸೆರೆವಾಸ.

ವಾಜರು ಬೆಲೆಯನ್ನು ತಾವಾಗಿ ಆರಿಸಿಕೊಂಡರು. ಆದರೆ ನಮ್ಮ ಪೂರ್ವಿಕರ ಮೇಲೆ ಅದು ಹೇಳದೆ ಕೇಳದೆ ಬಂದು ಬಿದ್ದಿತು. 1784ರ ತಪಸ್ಸುಕಾಲದ ಆರಂಭದಲ್ಲಿ, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದನು. ದೇವಾಲಯಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ ಮಂದಿ ಎಂಬುದರಲ್ಲಿ ಅನುಮಾನವಿಲ್ಲ. 1799ರಲ್ಲಿ ಬದುಕುಳಿದು ಮರಳಿದವರಿಗೆ ಮನೆಯೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಅವರು ಮತ್ತೆ ಕಟ್ಟಿದ ಬಾಳಿನ ಮೇಲೆ ಇಂದು ನಾವು ನಿಂತಿದ್ದೇವೆ.

ಈ ನೆನಪನ್ನು ನಾವು ಬಳಸುವ ರೀತಿಯಲ್ಲಿಯೂ ನಮ್ಮ ವಿಶ್ವಾಸದ ಪರೀಕ್ಷೆ ಇದೆ. ಎರಡು ಶತಮಾನಗಳ ಹಿಂದಿನ ಅರಸನೊಬ್ಬನ ನಿರ್ಧಾರವನ್ನು ಇಂದಿನ ನೆರೆಮನೆಯ ಮುಸ್ಲಿಂ ಬಂಧುವಿನ ಮೇಲೆ ಹೊರಿಸುವುದು ಅನ್ಯಾಯ. 1993ರಲ್ಲಿ ಭಟ್ಕಳವು ಕೋಮುಗಲಭೆಯಲ್ಲಿ ಬೆಂದ ದಿನಗಳನ್ನು ಕಂಡವರಿಗೆ, ಹಳೆಯ ಗಾಯವನ್ನು ಕೆದಕಿದರೆ ಯಾರ ಮನೆಗೆ ಬೆಂಕಿ ಬೀಳುತ್ತದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂತಹ ಹೊತ್ತಿನಲ್ಲಿ ನಡುವೆ ನಿಂತು ಶಾಂತಿಯ ಮಾತಾಡುವವನು ಎರಡೂ ಕಡೆಯವರಿಗೆ ಬೇಡವಾಗುತ್ತಾನೆ. ಅಲ್ಪಸಂಖ್ಯಾತರಾದ ನಮಗೆ ಸುಮ್ಮನಿರುವುದೇ ಕ್ಷೇಮವೆಂದು ತೋರುತ್ತದೆ. ಆದರೆ ಚಂದಾವರದ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆ ಡಿಸೆಂಬರ್ 3ರಂದು ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಅವರೊಡನೆ ಒಂದು ದಿನ ಸಾಲಿನಲ್ಲಿ ನಿಲ್ಲುವ ನಾವು, ಮಿಕ್ಕ ದಿನಗಳಲ್ಲಿ ಅವರ ಸಂಕಟಕ್ಕೆ ಬೆನ್ನು ತಿರುಗಿಸುವುದು ಹೇಗೆ?

ಇಂದು ನಮ್ಮನ್ನು ಯಾರೂ ಶ್ರೀರಂಗಪಟ್ಟಣಕ್ಕೆ ನಡೆಸುವುದಿಲ್ಲ. ಬೆಲೆ ಚಿಲ್ಲರೆಯಾಗಿ ಬರುತ್ತದೆ. ಕಚೇರಿಯಲ್ಲಿ ಲಂಚ ಮುಟ್ಟದ ಗುಮಾಸ್ತನು ಸಹೋದ್ಯೋಗಿಗಳ ಹಗೆಯನ್ನು ಕಟ್ಟಿಕೊಳ್ಳುತ್ತಾನೆ. ತೂಕದಲ್ಲಿ ಮೋಸ ಮಾಡದ ಅಂಗಡಿಯವನು ಪಕ್ಕದ ಅಂಗಡಿಯವನಷ್ಟು ಬೇಗ ಮಾಳಿಗೆ ಕಟ್ಟಲಾರನು. ಮಗಳ ಮದುವೆಯಲ್ಲಿ ಮದ್ಯ ಹಂಚದ ತಂದೆ ಜಿಪುಣನೆನಿಸಿಕೊಳ್ಳುತ್ತಾನೆ. ವರದಕ್ಷಿಣೆ ಬೇಡವೆಂದ ವರನಲ್ಲಿ ಏನೋ ಕುಂದಿದೆಯೆಂದು ಜನ ಆಡಿಕೊಳ್ಳುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಸೊಸೆಯ ತ್ಯಾಗ ಯಾವ ಲೆಕ್ಕದ ಪುಸ್ತಕಕ್ಕೂ ಸೇರುವುದಿಲ್ಲ. ಇವರಾರೂ ಹುತಾತ್ಮರೆನಿಸಿಕೊಳ್ಳುವುದಿಲ್ಲ. ಆದರೂ ಪ್ರಭು ಹೇಳಿದ ಶಿಲುಬೆ ಇವರ ಹೆಗಲ ಮೇಲಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನಾವು ತೆರಬೇಕಾದ ಬೆಲೆಯನ್ನು ಬೇರೆಯವರಿಂದ ತೆರಿಸುವುದು ಭಕ್ತಿಯಲ್ಲ. ದಿನವಿಡೀ ದೇವಾಲಯದ ಕೆಲಸದಲ್ಲಿ ಓಡಾಡಿ, ಮನೆಯ ಹೆಂಡತಿ ಮಕ್ಕಳ ಕಷ್ಟ ಕೇಳದವನ ಸೇವೆಯನ್ನು ದೇವರು ಮೆಚ್ಚಲಾರರು. ಹೆತ್ತವರ ಹರಕೆಯನ್ನು ತೀರಿಸಲೆಂದು ಇಷ್ಟವಿಲ್ಲದ ಮಗನನ್ನು ಗುರುಮಠಕ್ಕೆ ಕಳುಹಿಸುವುದೂ, ದೈವಕರೆಯನ್ನು ಆಲಿಸಿದ ಮಗಳನ್ನು ಕಣ್ಣೀರು ಹಾಕಿ ತಡೆಯುವುದೂ ಒಂದೇ ತಪ್ಪಿನ ಎರಡು ರೂಪಗಳು. ಕಷ್ಟ ಹೆಚ್ಚಿದಷ್ಟೂ ವಿಶ್ವಾಸ ದೊಡ್ಡದೆಂಬ ಲೆಕ್ಕವೂ ಸರಿಯಲ್ಲ. ವಾಜರು ಸೆರೆಮನೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಗುರುಗಳಿಲ್ಲದೆ ಉಳಿದಿದ್ದ ಜನರನ್ನು ಹುಡುಕಿಕೊಂಡು ಹೋದರು. ಸೆರೆಮನೆ ಆ ದಾರಿಯಲ್ಲಿ ಎದುರಾಯಿತು.

ಹಾಗಾದರೆ ನಮ್ಮ ಕರ್ತವ್ಯವೇನು? ಬೆಲೆ ತೆರುವವರನ್ನು ಒಂಟಿಯಾಗಿ ಬಿಡದಿರುವುದೇ ಮೊದಲನೆಯದೆಂದು ನಾವು ಭಾವಿಸುತ್ತೇವೆ. ವಾಜರೊಡನೆ ಜಾಫ್ನಾದಲ್ಲಿ ಇಳಿದ ಜುವಾಂವನ ಪ್ರತಿಮೆ ನಮ್ಮ ಯಾವ ಪೀಠದ ಮೇಲೂ ಇಲ್ಲ. ಆದರೆ ಅವನು ಜೊತೆಗಿದ್ದನು. ಲಂಚ ಮುಟ್ಟದೆ ದೂರದ ಊರಿಗೆ ವರ್ಗವಾದವನ ಮನೆಗೆ ಧರ್ಮಕೇಂದ್ರದಿಂದ ಯಾರು ಹೋಗಿ ವಿಚಾರಿಸಿದರು? ಒಬ್ಬನೇ ಮಗನನ್ನು ಗುರುವಾಗಲು ಬಿಟ್ಟುಕೊಟ್ಟ ವಿಧವೆ ತಾಯಿಯ ಮಾಡು ಮಳೆಗಾಲದಲ್ಲಿ ಸೋರಿದರೆ ಹೆಂಚು ಸರಿಪಡಿಸುವವರು ಯಾರು? ಗುರುದೀಕ್ಷೆಯ ದಿನ ಆಕೆಗೆ ಹಾರ ಹಾಕಿದ ನಾವು ಮರುವರ್ಷ ಆಕೆಯ ಅಂಗಳವನ್ನು ತುಳಿದಿದ್ದೇವೆಯೇ?

ಗೋಪುರದ ವೆಚ್ಚವನ್ನು ಒಬ್ಬನೇ ಭರಿಸಲಾರನು. ಅರ್ಧಕ್ಕೆ ನಿಂತ ಮನೆಯನ್ನು ಕಂಡು ನಗುವವರ ಸಾಲಿನಲ್ಲಿ ಕ್ರೈಸ್ತ ಬಾಂಧವರು ನಿಲ್ಲಬಾರದು. ಬರುವ ಭಾನುವಾರ ಬಲಿಪೂಜೆ ಮುಗಿದ ಬಳಿಕ, ನಿಮ್ಮ ವಾರ್ಡಿನಲ್ಲಿ ಸತ್ಯಕ್ಕಾಗಿ ನಷ್ಟ ಅನುಭವಿಸುತ್ತಿರುವ ಒಂದು ಮನೆಯ ಬಾಗಿಲನ್ನು ತಟ್ಟಿರಿ. ಉಪದೇಶ ಬೇಡ, ಸ್ವಲ್ಪ ಹೊತ್ತು ಕುಳಿತು ಅವರ ಮಾತನ್ನು ಕೇಳಿ ಬನ್ನಿರಿ.