ಕಡಲೆಬೀಜದ ಹಾಲು ಮಾಡೋಣ, ಮಗುವಿನ ಲೋಟ ಮರೆಯದಿರೋಣ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮಹಿಳಾ ಡೇರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದೆವು. ನನ್ನ ಮುಂದಿದ್ದ ತಂಗಿಯೊಬ್ಬಳು ಹೇಳಿದಳು: "ಅಕ್ಕಾ, ನಾನೀಗ ಮನೆಗೆ ಅಂತ ಹಾಲೇ ಇಟ್ಕೊಳ್ತಿಲ್ಲ. ಮೊಬೈಲಲ್ಲಿ ನೋಡಿ ಕಡಲೆಬೀಜದ ಹಾಲು ಮಾಡೋದು ಕಲ್ತೆ. ಬೆಲ್ಲ ಹಾಕಿ ಮಕ್ಕಳಿಗೆ ಅದನ್ನೇ ಕೊಡ್ತೀನಿ. ಹಸುವಿನ ಹಾಲು ಪೂರ್ತಿ ಡೇರಿಗೆ."

ಹಿಂದೆ ಇದ್ದ ಇಬ್ಬರು "ನಮಗೂ ಹೇಳ್ಕೊಡು" ಅಂದರು. ಇನ್ನೊಬ್ಬರಿಗೆ ಸಿಟ್ಟು ಬಂತು. "ಹಾಲು ಹಾಕೋ ನಾವೇ ಬೀಜದ ನೀರು ಕುಡಿದ್ರೆ, ಪೇಟೆಯವರು ನಮ್ಮ ಹಾಲು ಯಾಕೆ ಕೊಳ್ತಾರೆ?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಸರದಿ ಬಂತು. ಹಾಲು ಅಳೆಸಿ, ಚೀಟಿ ತೆಗೆದುಕೊಂಡು ಬಂದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಟ್ಟಾದವರಿಗೆ ಒಂದು ಮಾತು. ಕಾಳು, ಬೀಜ, ಕಾಯಿ ಅರೆದು ಹಾಲು ತೆಗೆಯುವುದು ಪೇಟೆಯವರು ಕಂಡುಹಿಡಿದದ್ದಲ್ಲ. ಒತ್ತು ಶ್ಯಾವಿಗೆಗೆ ಕಾಯಿಹಾಲು ಇಲ್ಲದೆ ನಮ್ಮಲ್ಲಿ ಹಬ್ಬ ಆಗುತ್ತದೆಯೇ? ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿದ ಹಾಲಿನಿಂದಲೇ ಹಾಲುಬಾಯಿ ಆಗುವುದು. ಗಸಗಸೆ ಪಾಯಸಕ್ಕೂ ಅರೆದ ಗಸಗಸೆಯ ಹಾಲೇ ಬೇಕು. ಇವೆಲ್ಲ ನಮ್ಮ ಅಜ್ಜಿಯರ ಕಾಲದಿಂದ ಹಸುವಿನ ಹಾಲಿನ ಪಕ್ಕದಲ್ಲೇ ಇವೆ. ಸೋಯಾ, ಬಾದಾಮಿ, ಓಟ್ಸ್ ಪಾನೀಯದ ಪೊಟ್ಟಣದ ಮೇಲೆ 'ಹಾಲು' ಎಂದು ಬರೆದು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಸೂಚನೆ ಕೊಟ್ಟಿತ್ತು. ಅದು ಸರಿಯೇ, ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ ಎಂದು ಗೊತ್ತಿರಬೇಕು. ಆದರೆ ಅದು ಅಂಗಡಿಯ ಮಾತು. ಅಡುಗೆಮನೆಯ ಒರಳಿಗೂ ಮಿಕ್ಸಿಗೂ ಆ ಜಗಳ ತರಬೇಕಾಗಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನ್ನ ಮಗಳಿಗೇ ಹಾಲು ಆಗಿಬರುವುದಿಲ್ಲ. ಕುಡಿದ ಒಂದೆರಡು ಗಂಟೆಗೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಎರಡು ಹಸು ಕಟ್ಟಿದ ಮನೆಯ ಹುಡುಗಿಗೆ ಹಾಲು ಆಗದು ಎಂದರೆ ಜನ ಏನಂದುಕೊಂಡಾರು ಎಂದು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. "ಸುಮ್ನೆ ನೆಪ" ಎಂದು ಬೈದು ಕುಡಿಸಿದ್ದೂ ಉಂಟು. ಆಮೇಲೆ ವೈದ್ಯರು ತಿಳಿಸಿ ಹೇಳಿದರು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, ದೊಡ್ಡವರಾದ ಮೇಲೆ ಅದನ್ನು ಜೀರ್ಣಿಸುವ ಶಕ್ತಿ ಅನೇಕರಲ್ಲಿ ಕಡಿಮೆಯಾಗುತ್ತದೆ, ಇದು ಹಾಲಿನ ತಪ್ಪೂ ಅಲ್ಲ, ಮಗಳ ತಪ್ಪೂ ಅಲ್ಲ. ಹೆಪ್ಪು ಹಾಕಿದಾಗ ಆ ಸಕ್ಕರೆ ಸ್ವಲ್ಪ ಕರಗುತ್ತದೆ, ಹಾಗಾಗಿ ಮೊಸರು, ಮಜ್ಜಿಗೆ ಅವಳಿಗೆ ಒಗ್ಗುತ್ತವೆ. ಈಗ ಅವಳಿಗೆ ನಾನೇ ಸೋಯಾ ಹಾಲು ಮಾಡಿಕೊಡುತ್ತೇನೆ. ಇಂಥ ಮನೆಗಳಲ್ಲಿ ಕಾಳಿನ ಹಾಲು ಬೇಕೇ ಬೇಕು. ಅದರಿಂದ ನಮ್ಮ ಡೇರಿಗೆ ಅವಮಾನ ಏನೂ ಇಲ್ಲ.

ಇನ್ನು ಮನೆಗೆ ಹಾಲೇ ಇಟ್ಟುಕೊಳ್ಳದ ಆ ತಂಗಿಯ ಮಾತಿಗೆ ಬರುತ್ತೇನೆ. ನನಗೆ ಚಿಂತೆ ಹತ್ತಿದ್ದು ಇಲ್ಲಿ. ಅವಳ ಮಕ್ಕಳಿಗೆ ಹಾಲು ಆಗಿಬರುವುದಿಲ್ಲ ಎಂದೇನಲ್ಲ. ಆಗಿಬರುತ್ತದೆ, ಆದರೂ ಸಿಗುತ್ತಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. 100 ಗ್ರಾಂ ಕಡಲೆಬೀಜ ಅರೆದು ಒಂದು ಲೀಟರ್ ಹಾಲು ಮಾಡಿದಿರಿ ಎನ್ನಿ. ಅಷ್ಟು ಬೀಜದಲ್ಲಿ ಇರುವ ಪ್ರೋಟೀನ್ ಸುಮಾರು 25 ಗ್ರಾಂ. 200 ಮಿ.ಲೀ. ಲೋಟಕ್ಕೆ ಹಂಚಿದರೆ ಹೆಚ್ಚೆಂದರೆ 5 ಗ್ರಾಂ. ಸೋಸಿದಾಗ ಚರಟದಲ್ಲಿ ಉಳಿಯುವುದನ್ನು ಕಳೆದರೆ ಇನ್ನೂ ಕಡಿಮೆ. ನಮ್ಮ ಹಸುವಿನ ಹಾಲಿನ ಅಷ್ಟೇ ದೊಡ್ಡ ಲೋಟದಲ್ಲಿ 6 ಗ್ರಾಂ ಮೇಲೇ ಇದೆ. ಪ್ರೋಟೀನಿನಲ್ಲಿ ಅಂತರ ಅಷ್ಟು ದೊಡ್ಡದಲ್ಲ. ಆದರೆ ಮೂಳೆ, ಹಲ್ಲಿಗೆ ಬೇಕಾದ ಕ್ಯಾಲ್ಸಿಯಂ ನೋಡಿ. ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ. ಕಡಲೆಬೀಜದ ಹಾಲಿನ ಲೋಟದಲ್ಲಿ 20 ದಾಟುವುದೂ ಕಷ್ಟ. ಬಿ12 ಎಂಬ ಜೀವಸತ್ವ ಹಾಲಿನಲ್ಲಿದೆ, ಕಾಳುಗಳಲ್ಲಿ ಇಲ್ಲ. ಮೊಟ್ಟೆ, ಮಾಂಸ ತಿನ್ನದ ಮನೆಯ ಮಕ್ಕಳಿಗೆ ಅದು ಸಿಗುವುದು ಹಾಲು ಮೊಸರಿನಿಂದಲೇ. ಎರಡು ಲೋಟವೂ ನೋಡಲು ಬಿಳಿ, ಒಳಗಿರುವುದು ಬೇರೆ.

ಡೇರಿಯಲ್ಲಿ ನಮ್ಮ ಹಾಲಿನ ಎಸ್‌ಎನ್‌ಎಫ್ ಒಂದು ಪಾಯಿಂಟ್ ಇಳಿದರೆ ಚೀಟಿ ಹಿಡಿದು ಕಾರ್ಯದರ್ಶಿಯನ್ನು ಕೇಳುತ್ತೇವೆ. ಆ ಎಸ್‌ಎನ್‌ಎಫ್ ಒಳಗೇ ಅಲ್ಲವೇ ಪ್ರೋಟೀನು, ಕ್ಯಾಲ್ಸಿಯಂ ಎಲ್ಲ ಇರುವುದು? ಮಗುವಿನ ಲೋಟದಲ್ಲಿ ಅದು ಇಳಿದರೆ ಚೀಟಿ ಕೊಡುವವರು ಯಾರೂ ಇಲ್ಲ. ನಾವೇ ಕೇಳಿಕೊಳ್ಳಬೇಕು.

ಆ ತಂಗಿ ಯಾಕೆ ಹಾಗೆ ಮಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಹಿಂಡಿ ಬೂಸಾದ ಬೆಲೆ, ಹಸುವಿನ ಸಾಲದ ಕಂತು, ಮಕ್ಕಳ ಫೀಸು ಎಲ್ಲ ಬಟವಾಡೆ ದಿನ ಒಟ್ಟಿಗೆ ಬಂದು ನಿಲ್ಲುತ್ತವೆ. ಆದರೂ ಉಳಿಯುವುದು ಎಷ್ಟು ಎಂದು ಅವಳ ಜೊತೆ ಕೂತು ಲೆಕ್ಕ ಹಾಕಿದೆ. ಲೀಟರಿಗೆ 35 ರೂಪಾಯಿ ಹಿಡಿದರೆ ದಿನಕ್ಕೆ ಅರ್ಧ ಲೀಟರ್ ಹೆಚ್ಚಿಗೆ ಹಾಕಿದ್ದಕ್ಕೆ ಬರುವುದು 17 ರೂಪಾಯಿ 50 ಪೈಸೆ. ಅದರ ಬದಲಿಗೆ ಮಾಡುವ ಅರ್ಧ ಲೀಟರ್ ಬೀಜದ ಹಾಲಿಗೆ 50 ಗ್ರಾಂ ಬೀಜ ಬೇಕು. ಕೆ.ಜಿ.ಗೆ 140 ರೂಪಾಯಿಯಂತೆ 7 ರೂಪಾಯಿ. ಸ್ವಂತ ಹೊಲದ ಬೀಜವಾದರೂ ಅದಕ್ಕೆ ಬೆಲೆ ಇದ್ದೇ ಇದೆ. ಉಳಿದದ್ದು ದಿನಕ್ಕೆ 10 ರೂಪಾಯಿ 50 ಪೈಸೆ, ತಿಂಗಳಿಗೆ 315. ಗ್ಯಾಸು, ಕರೆಂಟು, ಬೆಳಗಿನ ಅರ್ಧ ಗಂಟೆ ಕೆಲಸ ಅದರಲ್ಲೇ ಕಳೆಯಬೇಕು. 315 ರೂಪಾಯಿ ನಮಗೆ ಸಣ್ಣ ಮೊತ್ತವಲ್ಲ. ಆದರೆ ಅದನ್ನು ಮಗುವಿನ ಮೂಳೆಯಿಂದ ಉಳಿಸುವುದು ಬೇಡ.

"ಶಾಲೆಯಲ್ಲಿ ಕೊಡ್ತಾರಲ್ಲ" ಎನ್ನುವವರೂ ಇದ್ದಾರೆ. ಕೊಡುತ್ತಾರೆ. ಕ್ಷೀರಭಾಗ್ಯ 2013ರ ಆಗಸ್ಟಿನಲ್ಲಿ ಶುರುವಾಯಿತು. ನಾವು ಹಾಕಿದ ಹಾಲೇ ಪುಡಿಯಾಗಿ ಹೋಗಿ 150 ಮಿ.ಲೀ. ಲೋಟವಾಗಿ ನಮ್ಮ ಮಕ್ಕಳಿಗೆ ಸಿಗುತ್ತದೆ ಎಂಬುದು ಹೆಮ್ಮೆಯ ವಿಷಯ. ಆದರೆ ಭಾನುವಾರ, ಬೇಸಿಗೆ ರಜೆ, ದಸರಾ ರಜೆಯಲ್ಲಿ? ಅಂಗನವಾಡಿಗೆ ಇನ್ನೂ ಹೋಗದ ಒಂದೂವರೆ ವರ್ಷದ ಮಗುವಿಗೆ? ಮೂಲೆಯಲ್ಲಿ ಕೂತ ಅತ್ತೆಗೆ? ಮುಂಜಾನೆ ಐದಕ್ಕೆ ಎದ್ದು ಹಾಲು ಕರೆದು, ಬರೀ ಕಪ್ಪು ಟೀ ಕುಡಿದು ಹೊಲಕ್ಕೆ ಹೋಗುವ ನಮಗೆ?

ಹಾಗಂತ ಕಾಳಿನ ಹಾಲು ಮಾಡಬೇಡಿ ಎನ್ನುತ್ತಿಲ್ಲ. ತಿಳಿದು ಮಾಡಿ. ನಾನು ಕಲಿತದ್ದನ್ನು ಹೇಳುತ್ತೇನೆ.

ಸೋಯಾ ಆದರೆ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿ, ಸಿಪ್ಪೆ ಉಜ್ಜಿ ತೆಗೆದು ಅರೆಯಿರಿ. 100 ಗ್ರಾಂ ಕಾಳಿಗೆ ಸುಮಾರು ಒಂದು ಲೀಟರ್ ನೀರು. ಸೋಸಿದ ಹಾಲನ್ನು ಉಕ್ಕು ಬಂದ ಕೂಡಲೇ ಇಳಿಸಬೇಡಿ. ಕೈಯಾಡಿಸುತ್ತ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಅಂಶ ಇರುತ್ತದೆ, ಅದು ಹೋಗುವುದು ಚೆನ್ನಾಗಿ ಬೆಂದಾಗಲೇ. ಪ್ರೋಟೀನಿನಲ್ಲಿ ಇದು ಹಸುವಿನ ಹಾಲಿಗೆ ಹತ್ತಿರ ಬರುತ್ತದೆ. ಮನೆಯಲ್ಲಿ ಮಾಡಿದ್ದರಲ್ಲಿ ಕ್ಯಾಲ್ಸಿಯಂ ಮಾತ್ರ ಕಡಿಮೆಯೇ.

ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಮಿಗೆ 340 ಮಿಲಿಗ್ರಾಂ ಮೇಲಿದೆ. ಆದರೆ ಹಿಂಡಿ ಸೋಸಿದರೆ ಹೊಟ್ಟಿನ ಜೊತೆ ಅದರ ಒಂದು ಪಾಲೂ ಹೋಗುತ್ತದೆ. ಮೊಳಕೆ ಬರಿಸಿದ ರಾಗಿ ಹಿಟ್ಟಿನ ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಟ್ಟರೆ ಎರಡರ ಲಾಭವೂ ಸಿಗುತ್ತದೆ.

ಕಡಲೆಬೀಜ ಬಳಸುವಾಗ ಒಂದೊಂದನ್ನೂ ನೋಡಿ ಆರಿಸಿ. ಬೂಷ್ಟು ಹಿಡಿದದ್ದು, ಸುಕ್ಕಾದದ್ದು, ಕಹಿಯಾದದ್ದು ಬೇಡ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ, ಅದು ಕುದಿಸಿದರೂ ಹೋಗುವುದಿಲ್ಲ. ಮಕ್ಕಳಿಗೆ ಬೇಡವೆಂದು ತೆಗೆದ ಬೂಷ್ಟು ಬೀಜವನ್ನು ಹಸುವಿಗೂ ಹಾಕಬೇಡಿ. ಬೂಷ್ಟು ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ಆ ವಿಷ ಇಳಿಯುತ್ತದೆ. ಸೋಸಿದ ಚರಟ ಚೆಲ್ಲಬೇಡಿ, ಚಟ್ನಿಗೋ ಪಲ್ಯಕ್ಕೋ ಹಾಕಿ. ಬೀಜ ತಿಂದು ಮಗುವಿನ ಮೈಮೇಲೆ ಗಂಧೆ ಎದ್ದರೆ, ತುಟಿ ಊದಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ಎಳೆ ಮಗುವಿನ ವಿಷಯದಲ್ಲಿ ಪ್ರಯೋಗ ಬೇಡವೇ ಬೇಡ. ಆರು ತಿಂಗಳು ತುಂಬುವವರೆಗೆ ತಾಯಿಹಾಲು ಒಂದೇ. ಆಮೇಲೂ ಮೇಲಾಹಾರದ ಜೊತೆ ತಾಯಿಹಾಲು ಮುಂದುವರಿಯಲಿ. ಯಾವ ಕಾಳಿನ ಹಾಲೂ ಅದರ ಜಾಗಕ್ಕೆ ಬರುವುದಿಲ್ಲ.

ಕೊನೆಗೆ ಇನ್ನೊಂದು ಎಚ್ಚರಿಕೆ. ಕಾಳಿನ ಹಾಲು ಮಾಡಿದ ಪಾತ್ರೆ ಬೇರೆ, ಡೇರಿಗೆ ತರುವ ಕ್ಯಾನು ಬೇರೆ. ಗೊತ್ತಿಲ್ಲದೆ ಸೇರಿದರೂ ಕಲಬೆರಕೆ ಕಲಬೆರಕೆಯೇ. ಒಬ್ಬರ ಕ್ಯಾನಿನಿಂದ ಊರಿನ ಹಾಲಿಗೆಲ್ಲ ಕೆಟ್ಟ ಹೆಸರು.

ನನ್ನ ಸಲಹೆ ಇಷ್ಟೇ. ಹಾಲು ಕರೆದ ಕೂಡಲೇ, ಕ್ಯಾನಿಗೆ ಸುರಿಯುವ ಮೊದಲು, ಮನೆಯ ಅರ್ಧ ಲೀಟರ್ ಬೇರೆ ಚೊಂಬಿಗೆ ತೆಗೆದಿಡೋಣ. ಕ್ಯಾನು ತುಂಬಿದ ಮೇಲೆ ಉಳಿದರೆ ನೋಡೋಣ ಎಂದರೆ ಅದು ಯಾವತ್ತೂ ಉಳಿಯುವುದಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಮೇವು, ಬಟವಾಡೆಯ ಮಾತಿನ ಜೊತೆಗೆ ಇದನ್ನೂ ಎತ್ತಿ. "ನಿಮ್ಮ ಮನೆಯಲ್ಲಿ ಎಷ್ಟು ಹಾಲು ಉಳಿಸಿಕೊಳ್ತೀರಿ?" ಎಂದು ಒಬ್ಬರನ್ನೊಬ್ಬರು ಕೇಳಿ. ಉತ್ತರ ಕೇಳಿ ನಿಮಗೇ ಆಶ್ಚರ್ಯವಾದೀತು.

ಆ ತಂಗಿ ಈಗ ಬೆಳಗಿನ ಹಾಲಿನಲ್ಲಿ ಅರ್ಧ ಲೀಟರ್ ಮನೆಗೆ ಇಡುತ್ತಿದ್ದಾಳೆ. ಕಡಲೆಬೀಜದ ಹಾಲನ್ನೂ ಬಿಟ್ಟಿಲ್ಲ. ಸಂಜೆ ಹೊಲದಿಂದ ಬಂದಾಗ ಬೆಲ್ಲ, ಏಲಕ್ಕಿ ಹಾಕಿ ಮಾಡುತ್ತಾಳೆ. ನನಗೂ ಒಂದು ಲೋಟ ಕೊಟ್ಟಳು, ಚೆನ್ನಾಗಿಯೇ ಇತ್ತು.