ಎಲ್ಲಾ ಯೂಟ್ಯೂಬಿನಾಗ ಐತಲ್ಲ, ಸಾಹೇಬ್ರ!

ಕಳೆದ ಭಾನುವಾರ ಊಟಕ್ಕೆ ಬಂದಿದ್ದ ಧಾರವಾಡ ಕಡೆಯ ಗೆಳೆಯರೊಬ್ಬರು ನನ್ನ ಕಪಾಟು ನೋಡಿ ನಕ್ಕುಬಿಟ್ಟರು. ಅದರಲ್ಲಿ ಇರೋದು ಮಹಾ ಏನಲ್ಲ. ಹಳೆಯ ಕನ್ನಡ ಸಿನಿಮಾಗಳ ಒಂದಷ್ಟು ಹಾಡಿನ ಪುಸ್ತಕ, ಟಾಕೀಸಿನ ಹರಿದ ಟಿಕೆಟ್ಟು, ಪೇಪರಿನಿಂದ ಕತ್ತರಿಸಿದ ಜಾಹೀರಾತು, ದೂರದರ್ಶನದಿಂದ ರೆಕಾರ್ಡ್ ಮಾಡಿದ ನಾಲ್ಕಾರು ವೀಡಿಯೊ ಕ್ಯಾಸೆಟ್ಟು. "ಈ ರದ್ದಿ ಯಾಕ ಕೂಡಿಸೀರಿ ಸಾಹೇಬ್ರ? ಎಲ್ಲಾ ಯೂಟ್ಯೂಬಿನಾಗ ಐತಲ್ಲ!" ಅಂದರು. ಊಟದ ಹೊತ್ತಿನಲ್ಲಿ ಜಗಳ ಯಾಕೆ ಅಂತ ಸುಮ್ಮನಿದ್ದೆ. ಈಗ ಇಲ್ಲಿ ಹೇಳ್ತೀನಿ, ಕೇಳಿ.

ಎಲ್ಲಾ ಇಲ್ಲ ಸ್ವಾಮಿ. ನಮ್ಮ ಮೊದಲ ಮಾತಿನ ಚಿತ್ರವೇ ಇಲ್ಲ! 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನಾ' ತಯಾರಾಗಿದ್ದು ನಾನಿರುವ ಈ ಮರಾಠಿ ಸೀಮೆಯಲ್ಲೇ, ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಪುಣೆಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಆ ಊರಲ್ಲಿರಬಹುದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅಭಿನಯ, ಆರ್. ನಾಗೇಂದ್ರರಾಯರ ರಾವಣ. ಇದನ್ನೆಲ್ಲ ಬಾಯಿಪಾಠ ಒಪ್ಪಿಸಬಹುದು, ಚಿತ್ರ ನೋಡೋಕಾಗಲ್ಲ. ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರೋದು ಫೋಟೋ, ಜಾಹೀರಾತು, ಹಿರಿಯರು ಬರೆದಿಟ್ಟ ನೆನಪು. ಅಂದರೆ ನನ್ನ ಗೆಳೆಯರು ರದ್ದಿ ಅಂದರಲ್ಲ, ಆ ಜಾತಿಯ ಸಾಮಾನೇ.

ಆಗಿನ ಫಿಲ್ಮು ನೈಟ್ರೇಟಿನದು. ಬಿಸಿಗೆ ತಾನಾಗಿ ಹೊತ್ತಿಕೊಳ್ಳುತ್ತೆ, ಇಲ್ಲವೇ ಕೊಳೆತು ಪುಡಿಯಾಗುತ್ತೆ. ಅದರ ಮೇಲೆ ಬೆಳ್ಳಿಯ ಅಂಶವಿತ್ತು. ಚಿತ್ರದ ಓಟ ಮುಗಿದ ಮೇಲೆ ಎಷ್ಟೋ ರೀಲುಗಳನ್ನು ಆ ಬೆಳ್ಳಿಗಾಗಿಯೇ ಮಾರಿದರು. ಮಾರಿದವರ ಲೆಕ್ಕದಲ್ಲಿ ಅವೂ ರದ್ದಿಯೇ.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ ಬಿಡಿ. 2009ರಲ್ಲಿ ಅಪ್ಪ ಹೋದ ಮೇಲೆ ಗದಗಿನ ಬಾಡಿಗೆ ಮನೆ ಖಾಲಿ ಮಾಡಬೇಕಾಯ್ತು. ನಾಲ್ಕೇ ದಿನ ರಜೆ. ಅಟ್ಟದ ಮೇಲೆ ಅಪ್ಪನ ತಗಡಿನ ಟ್ರಂಕು. ಅರವತ್ತರ ದಶಕದಿಂದ ನೋಡಿದ ಒಂದೊಂದು ಸಿನಿಮಾದ ಹಾಡಿನ ಪುಸ್ತಕವನ್ನೂ ಅವರು ಅದರಲ್ಲಿ ಕೂಡಿಟ್ಟಿದ್ದರು. ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ತಾರೀಖು, ಟಾಕೀಸಿನ ಹೆಸರು, ಜೊತೆಗೆ ಬಂದವರ ಹೆಸರು. ನಾನು ಗುಜರಿಯವನನ್ನು ಕರೆದು ತೂಕಕ್ಕೆ ಹಾಕಿಸಿದೆ. "ಒಂದೆರಡರೆ ಇಟ್ಕೋಳೋ" ಅಂದಳು ಅವ್ವ. "ಪುಣೇದಾಗ ಜಾಗಾ ಎಲ್ಲೈತಿ ಅವ್ವಾ" ಅಂದೆ. ಬಿ.ಕಾಂ. ಓದಿದವನು, ಬ್ಯಾಂಕಿನಲ್ಲಿ ದಿನಾ ಆಸ್ತಿಗೆ ಬೆಲೆ ಕಟ್ಟುವವನು ನಾನು! ಆ ಗುಜರಿ ದುಡ್ಡು ಮನೆ ಸಾಮಾನಿನ ಲಾರಿಗೆ ಏರಿಸಿದ ಹಮಾಲರ ಚಹಾಕ್ಕೆ ಸರಿಹೋಯ್ತು. ಈಗ ನನ್ನ ಕಪಾಟಿನಲ್ಲಿರುವುದೆಲ್ಲ ಆ ತಪ್ಪಿನ ಕಂತು ಕಟ್ಟಿದ್ದು ಅಂದ್ಕೊಳ್ಳಿ.

ಪುಣೆಯಲ್ಲೇ ಒಬ್ಬ ಮಹಾನುಭಾವರಿದ್ದರು, ಪಿ.ಕೆ. ನಾಯರ್. ಹುಡುಗನಾಗಿದ್ದಾಗ ಸಿನಿಮಾ ಟಿಕೆಟ್ಟಿನ ತುಂಡು, ತೂಕದ ಯಂತ್ರದಿಂದ ಬೀಳುತ್ತಿದ್ದ ನಟನಟಿಯರ ಚಿತ್ರದ ಚೀಟಿ ಕೂಡಿಡುತ್ತಿದ್ದರು. ಅದೇ ಹುಡುಗ ಮುಂದೆ 1964ರಲ್ಲಿ ಶುರುವಾದ ನ್ಯಾಷನಲ್ ಫಿಲ್ಮ್ ಆರ್ಕೈವ್ಸ್ ಕಟ್ಟಿ, 1991ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಸುಮಾರು 12,000 ಚಿತ್ರ ಕೂಡಿಸಿದ್ದರು. 2016ರಲ್ಲಿ ತೀರಿಕೊಂಡರು. ಚೀಟಿ ಆಯುವವನನ್ನು ನೋಡಿ ನಗುವವರು ಇವರನ್ನು ನೆನೆಸಿಕೊಂಡು ನಗಲಿ.

"ಹಂಗಾದ್ರ ಸರ್ಕಾರ ಐತಲ್ಲ, ಅವರು ನೋಡ್ಕೋತಾರ" ಅನ್ನುವವರೂ ಇದ್ದಾರೆ. 2003ರ ಜನವರಿ 8ರಂದು ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿದ್ದ ನೈಟ್ರೇಟ್ ಫಿಲ್ಮುಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ಚಿತ್ರಗಳ ಮೂಲ ರೀಲುಗಳು ಬೂದಿಯಾದವು. ಅವುಗಳಲ್ಲಿ ಹಲವನ್ನು ಇವತ್ತೂ ನೋಡೋಕಾಗ್ತಿದ್ದರೆ ಮೊದಲೇ ಪ್ರತಿ ತೆಗೆದು ಬೇರೆ ಕಡೆ ಇಟ್ಟಿದ್ದರಿಂದ. ಎಲ್ಲ ಠೇವಣಿ ಒಂದೇ ಕಡೆ ಇಡಬೇಡಿ ಅಂತ ಗಿರಾಕಿಗಳಿಗೆ ಹೇಳೋ ಬುದ್ಧಿಮಾತೇ ಇದು. ಯೂಟ್ಯೂಬೂ ಅಷ್ಟೇ. ಹಾಕಿದವನು ತೆಗೆದರೆ ಮುಗೀತು.

ಇನ್ನು ನಮ್ಮ ವಾಟ್ಸಾಪ್ ಗುಂಪಿನ 'ಸಂಗ್ರಾಹಕರು'. ದಿನಾ ಬೆಳಿಗ್ಗೆ ಯಾವುದೋ ಹಾಡಿನ ಅರ್ಧ ನಿಮಿಷ ಕಳಿಸ್ತಾರೆ. ಯಾವ ಚಿತ್ರ, ಯಾವ ವರ್ಷ, ಯಾರ ದನಿ ಅಂತ ಕೇಳಿದರೆ "ನನಗೂ ಯಾರೋ ಕಳಿಸಿದ್ದು" ಅಂತಾರೆ. ತಾರೀಖಿಲ್ಲದ, ಸಹಿಯಿಲ್ಲದ ವೋಚರ್ ನನ್ನ ಟೇಬಲ್ಲಿಗೆ ಬಂದರೆ ವಾಪಸು ಕಳಿಸ್ತೀನಿ. ಇದನ್ನು ಮಾತ್ರ ಸಂಗ್ರಹ ಅಂತ ಒಪ್ಪಬೇಕಾ? ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲಿ ಉಳಿದಿರೋದು ಮೊದಲ ಮತ್ತು ಕೊನೆಯ ರೀಲು. ಅವೂ 1913ರ ಮೂಲ ಚಿತ್ರದ್ದಲ್ಲ, ಅವರೇ 1917ರಲ್ಲಿ ಮತ್ತೆ ತೆಗೆದ ಚಿತ್ರದ್ದು ಅನ್ನುವ ಇತಿಹಾಸಕಾರರಿದ್ದಾರೆ. ಅಂಥ ಚಿತ್ರಕ್ಕೇ ಈ ಗೊಂದಲ. ನಮ್ಮ ಅಪ್ಪನ ಪೆನ್ಸಿಲಿನ ಬೆಲೆ ಈಗ ತಿಳಿಯುತ್ತೆ ನನಗೆ.

ಜೋಪಾನ ಮಾಡಿದರೆ ಏನಾಗುತ್ತೆ ಅಂತಲೂ ಹೇಳಿಬಿಡ್ತೀನಿ. ಇದೇ ಪುಣೆಯ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ 'ಘಟಶ್ರಾದ್ಧ'ದ ನೆಗೆಟಿವ್ ಇಲ್ಲಿನ ಆರ್ಕೈವ್ಸ್‌ನಲ್ಲಿ ಉಳಿದಿತ್ತು. ಅದರಿಂದ ಚಿತ್ರವನ್ನು ಮತ್ತೆ ಹೊಸದು ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಉಳಿದಿತ್ತು, ಅದಕ್ಕೇ ತೋರಿಸಿದರು. ಅಷ್ಟೇ ಗುಟ್ಟು.

ನೀವೇನೂ ಆರ್ಕೈವ್ಸ್ ಕಟ್ಟಬೇಕಾಗಿಲ್ಲ. ಇಷ್ಟವಾದ ತುಣುಕು ಯಾವುದೇ ಇರಲಿ, ಏನು, ಎಂದು, ಎಲ್ಲಿಂದ ಬಂತು ಅಂತ ಮೂರು ಸಾಲು ಬರೆದಿಡಿ. ಮಕ್ಕಳಿಗೆ ತೋರಿಸಿ. ಊರ ಮನೆ ಖಾಲಿ ಮಾಡುವಾಗ ಗುಜರಿಯವನನ್ನು ಕರೆಯುವ ಮೊದಲು ಟ್ರಂಕು ಬಿಚ್ಚಿ ನೋಡಿ. ಇಡೋಕೆ ಜಾಗವಿಲ್ಲ ಅಂದರೆ ಇಡುವವರನ್ನು ಹುಡುಕಿ ಕೊಡಿ. ಆರ್ಕೈವ್ಸ್‌ನವರು ರೀಲಿನ ಜೊತೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕಾಪಾಡುತ್ತಾರೆ.

ಅಂದ ಹಾಗೆ, ಆ ಗೆಳೆಯರು ಹೊರಡುವಾಗ ಒಂದು ಹಾಡಿನ ಪುಸ್ತಕ ತಿರುವಿ ಹಾಕುತ್ತಾ ನಿಂತರು. "ಇದು ನಮ್ಮವ್ವ ಹಾಡತಿದ್ಲರೀ. ಒಂದು ಫೋಟೋ ತಕ್ಕೊಳ್ಳಲೇನು?" ಅಂದರು. ತಕ್ಕೊಳ್ಳಿ ಅಂದೆ. ಹಿಂದಿನ ಪುಟದ್ದೂ ತೆಗೆಸಿದೆ, ಅಲ್ಲಿ ಚಿತ್ರದ ಹೆಸರಿದೆ.